ಐದು ಜನ ನುಡಿಸಿದ ಹಾಡು, ಲೇಬಲ್ ಮೇಲೆ ಒಂದೇ ಹೆಸರು

ಗಿಟಾರ್ ಕೈಗೆತ್ತಿಕೊಂಡ ಎರಡನೇ ತಿಂಗಳಿಗೋ ಮೂರನೇ ತಿಂಗಳಿಗೋ ಎಲ್ಲರೂ ಈ ಹಾಡಿಗೆ ಬಂದೇ ಬರುತ್ತಾರೆ. ಎ ಮೈನರ್, ಸಿ, ಡಿ, ಎಫ್. ಮತ್ತೆ ಎ ಮೈನರ್, ಸಿ, ಇ. ಇವು ಕಾರ್ಡ್‌ಗಳು, ಅಂದರೆ ಒಟ್ಟಿಗೆ ಹಿಡಿಯುವ ಸ್ವರಗಳ ಗುಂಪು. ತಂತಿಗಳನ್ನು ಒಟ್ಟಿಗೆ ಬಾರಿಸುವ ಹಾಗಿಲ್ಲ. ದಪ್ಪ ತಂತಿಯಿಂದ ಹಿಡಿದು ತೆಳು ತಂತಿವರೆಗೆ ಒಂದೊಂದಾಗಿ ಮೀಟುತ್ತಾ ಹತ್ತಬೇಕು, ಹಾಗೇ ಇಳಿಯಬೇಕು, ತಕಿಟ ತಕಿಟ ಅಂತ ಆರು ಎಣಿಕೆಗೆ ಸರಿಯಾಗಿ. ಮೈಸೂರಿನಲ್ಲಿ ನನಗೆ ಗಿಟಾರ್ ಹೇಳಿಕೊಟ್ಟ ಮೇಷ್ಟ್ರು ಇದನ್ನು ಒಂದು ತಿಂಗಳು ಬಿಡದೆ ನುಡಿಸಿಸಿದರು. ಎಫ್ ಹಿಡಿಯುವಾಗ ತೋರುಬೆರಳು ಉರಿಯುತ್ತಿತ್ತು. ಆದರೂ ಬೇಸರ ಆಗಲಿಲ್ಲ, ಯಾಕೆಂದರೆ ಹೊಸಬನ ಕೈಯಲ್ಲೂ ಅದು ಹಾಡಿನ ಹಾಗೆ ಕೇಳಿಸುತ್ತಿತ್ತು.

ಹಾಡು 'ದಿ ಹೌಸ್ ಆಫ್ ದಿ ರೈಸಿಂಗ್ ಸನ್'. ನಾವೆಲ್ಲ ಕಲಿತದ್ದು 'ದಿ ಅನಿಮಲ್ಸ್' ಅನ್ನುವ ಇಂಗ್ಲೆಂಡಿನ ಬ್ಯಾಂಡ್ 1964ರಲ್ಲಿ ತಂದ ರೂಪ. ಆ ಬೆರಳಾಟ ಕಟ್ಟಿದವರು ಹಿಲ್ಟನ್ ವ್ಯಾಲೆಂಟೈನ್, ಬ್ಯಾಂಡಿನ ಗಿಟಾರ್ ವಾದಕ. ಇಷ್ಟು ಜನರ ಬೆರಳಿಗೆ ಅದೇ ಮೊದಲ ಪಾಠ. ಆದರೆ ಆ ಏಳಿಂಚಿನ ರೆಕಾರ್ಡ್ ತಿರುಗಿಸಿ ನಡುವಿನ ಲೇಬಲ್ ನೋಡಿದರೆ ಹಾಡಿನ ಹೆಸರಿನ ಕೆಳಗೆ ಕಂಸದಲ್ಲಿ ಇರುವುದು ಇಷ್ಟೇ: ಸಾಂಪ್ರದಾಯಿಕ, ಅರೇಂಜ್‌ಮೆಂಟ್ ಪ್ರೈಸ್. ಅರೇಂಜ್‌ಮೆಂಟ್ ಅಂದರೆ ಇರುವ ಹಾಡಿಗೆ ಕೊಟ್ಟ ಹೊಸ ರೂಪ. ಪ್ರೈಸ್ ಅಂದರೆ ಆಲನ್ ಪ್ರೈಸ್, ಆರ್ಗನ್ ನುಡಿಸಿದವರು. ವ್ಯಾಲೆಂಟೈನ್ ಹೆಸರಿಲ್ಲ. ಹಾಡಿದ ಎರಿಕ್ ಬರ್ಡನ್ ಹೆಸರಿಲ್ಲ. ಬೇಸ್ ನುಡಿಸಿದ ಚಾಸ್ ಚಾಂಡ್ಲರ್, ಡ್ರಮ್ಸ್ ಬಾರಿಸಿದ ಜಾನ್ ಸ್ಟೀಲ್, ಇವರ ಹೆಸರೂ ಇಲ್ಲ.

ಈ ಪ್ರಕರಣದಲ್ಲಿ ನಾನು ನೋಡಬೇಕು ಅಂದುಕೊಂಡಿರುವುದು ಆ ಒಂದು ಸಾಲನ್ನು. ಅದು ಅಲ್ಲಿಗೆ ಹೇಗೆ ಬಂತು, ಅದರಿಂದ ಏನೇನಾಯಿತು, ಬೇರೆ ದಾರಿ ಇತ್ತಾ ಅಂತ.

ಹಾಡು ಎಲ್ಲಿಂದ ಬಂತು

ಮೊದಲಿಗೆ ಒಂದು ವಿಷಯ. ಇದು ಅನಿಮಲ್ಸ್ ಬರೆದ ಹಾಡು ಅಲ್ಲ. ಯಾರು ಬರೆದದ್ದು ಅಂತ ಬೊಟ್ಟು ಮಾಡಿ ತೋರಿಸಲು ಆಗದ ಹಾಡು. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಕಡೆ ಬಾಯಿಂದ ಬಾಯಿಗೆ ಬಂದದ್ದು. ನ್ಯೂ ಆರ್ಲಿಯನ್ಸ್ ಊರಲ್ಲಿ ಒಂದು ಮನೆ ಇದೆ, ಆ ಮನೆ ಸೇರಿ ನನ್ನ ಬದುಕು ಹಾಳಾಯಿತು, ನನ್ನ ಹಾಗೆ ನೀವು ಆಗಬೇಡಿ ಅನ್ನುವುದು ಹಾಡಿನ ಒಟ್ಟು ಗೋಳು. 1933ರಲ್ಲೇ ಕ್ಲಾರೆನ್ಸ್ ಆಶ್ಲಿ ಮತ್ತು ಗ್ವೆನ್ ಫಾಸ್ಟರ್ ಅನ್ನುವ ಇಬ್ಬರು ಇದನ್ನು ರೆಕಾರ್ಡ್ ಮಾಡಿದ್ದರು.

ಆದರೆ ನಮಗೆ ಮುಖ್ಯವಾದ ದಿನ 1937ರ ಸೆಪ್ಟೆಂಬರ್ ತಿಂಗಳದ್ದು. ಆಲನ್ ಲೋಮ್ಯಾಕ್ಸ್ ಅನ್ನುವ 22 ವರ್ಷದ ಹುಡುಗ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ, ತಟ್ಟೆ ಕೊರೆಯುವ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಕೆಂಟಕಿ ರಾಜ್ಯದ ಊರೂರು ತಿರುಗುತ್ತಿದ್ದ. ಮಿಡಲ್ಸ್‌ಬರೊ ಅನ್ನುವ ಗಣಿ ಊರಿನಲ್ಲಿ 16 ವರ್ಷದ ಜಾರ್ಜಿಯಾ ಟರ್ನರ್ ಎಂಬ ಹುಡುಗಿ ಯಂತ್ರದ ಮುಂದೆ ನಿಂತು ಈ ಹಾಡು ಹಾಡಿದಳು. ವಾದ್ಯ ಏನೂ ಇಲ್ಲ, ಬರೀ ಗಂಟಲು. ಅವಳ ಹಾಡಿನಲ್ಲಿ ಕೆಟ್ಟುಹೋದವಳು ಒಬ್ಬ ಹೆಣ್ಣುಮಗಳು. ಲೋಮ್ಯಾಕ್ಸ್ 1941ರಲ್ಲಿ ಈ ಹಾಡನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದಾಗ ಯಾರಿಂದ ಸಿಕ್ಕಿತು ಅನ್ನುವುದನ್ನು ಬರೆದ. ಜಾರ್ಜಿಯಾ ಟರ್ನರ್ ಹೆಸರು ಅಲ್ಲಿದೆ. ಕೆಲವು ಸಾಲು ಕೊಟ್ಟ ಬರ್ಟ್ ಮಾರ್ಟಿನ್ ಹೆಸರೂ ಇದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಹಾಡು ನಗರಕ್ಕೆ ಬಂತು. ವುಡಿ ಗತ್ರಿ ಹಾಡಿದರು, ಲೆಡ್ ಬೆಲ್ಲಿ ಹಾಡಿದರು, ಜೋಶ್ ವೈಟ್, ಒಡೆಟ್ಟಾ, 1960ರಲ್ಲಿ ಜೋನ್ ಬಾಯೆಜ್. ನ್ಯೂಯಾರ್ಕಿನ ಗ್ರೆನಿಚ್ ವಿಲೇಜ್‌ನಲ್ಲಿ ಡೇವ್ ವ್ಯಾನ್ ರಾಂಕ್ ಎಂಬ ಗಾಯಕ ಇದಕ್ಕೆ ಹೊಸ ಕಾರ್ಡ್‌ಗಳನ್ನು ಕೂಡಿಸಿ ಬೇರೆಯದೇ ಚೆಲುವು ತಂದರು. ಅವರ ಸೋಫಾ ಮೇಲೆ ಮಲಗೆದ್ದು ಬೆಳೆದ ಹುಡುಗ ಬಾಬ್ ಡಿಲನ್ ಆ ಅರೇಂಜ್‌ಮೆಂಟನ್ನೇ ಎತ್ತಿಕೊಂಡು 1961ರ ನವೆಂಬರ್‌ನಲ್ಲಿ ತನ್ನ ಮೊದಲ ಆಲ್ಬಂಗೆ ಹಾಡಿಬಿಟ್ಟ. ಹಾಡಿ ಆದ ಮೇಲೆ ಬಂದು, ನಿಮ್ಮ ಅರೇಂಜ್‌ಮೆಂಟ್ ಬಳಸಿಕೊಳ್ಳಲಾ ಅಂತ ಕೇಳಿದನಂತೆ. ಬೇಡ, ನಾನೇ ರೆಕಾರ್ಡ್ ಮಾಡಬೇಕು ಅಂತಿದ್ದೇನೆ ಅಂದರಂತೆ ವ್ಯಾನ್ ರಾಂಕ್. ಅಷ್ಟರಲ್ಲಿ ಕೆಲಸ ಮುಗಿದಿತ್ತು. ಡಿಲನ್ ಆಲ್ಬಂ ಬಂದ ಮೇಲೆ ವ್ಯಾನ್ ರಾಂಕ್ ಎಲ್ಲೇ ಇದನ್ನು ಹಾಡಿದರೂ ಜನ, ಓ ಡಿಲನ್ ಹಾಡು ಹಾಡ್ತಿದ್ದೀರಾ ಅನ್ನಲು ಶುರು ಮಾಡಿದರು. ಅವರು ಬೇಜಾರಾಗಿ ಹಾಡುವುದನ್ನೇ ನಿಲ್ಲಿಸಿದರು. ಅನಿಮಲ್ಸ್ ರೆಕಾರ್ಡ್ ಬಂದ ಮೇಲೆ ಡಿಲನ್‌ಗೂ ಅದೇ ಗತಿ, ಅನಿಮಲ್ಸ್ ಹಾಡು ಹಾಡ್ತಿದ್ದೀಯಾ ಅಂತ. ಡಿಲನ್ ಕೂಡ ನಿಲ್ಲಿಸಿದರು. ಇದನ್ನು ವ್ಯಾನ್ ರಾಂಕ್ ಅವರೇ ಬಾಯಾರೆ ಹೇಳಿಕೊಂಡಿದ್ದಾರೆ.

ಚಕ್ ಬೆರಿ ಜೊತೆ ಊರೂರು

ಅನಿಮಲ್ಸ್ ಇಂಗ್ಲೆಂಡಿನ ಈಶಾನ್ಯದ ನ್ಯೂಕಾಸಲ್ ಊರಿನವರು. ಕಲ್ಲಿದ್ದಲು, ಹಡಗು ಕಟ್ಟುವ ಕೆಲಸ, ಈ ತರದ ದುಡಿಮೆಯ ಊರು. ಬ್ಯಾಂಡಿಗೆ ಮೊದಲಿದ್ದ ಹೆಸರು ಆಲನ್ ಪ್ರೈಸ್ ರಿದಮ್ ಅಂಡ್ ಬ್ಲೂಸ್ ಕಾಂಬೊ. ಅಂದರೆ ಶುರುವಿನಲ್ಲಿ ಅದು ಪ್ರೈಸ್ ಅವರದೇ ತಂಡ. ಬರ್ಡನ್ ಬಂದ ಮೇಲೆ ಅದರ ಮೈಕಟ್ಟು ಬದಲಾಯಿತು. 1964ರಲ್ಲಿ ಅವರು ಲಂಡನ್‌ಗೆ ಬಂದರು. ಮಿಕಿ ಮೋಸ್ಟ್ ಎಂಬ ಯುವ ಪ್ರೊಡ್ಯೂಸರ್ ಕೈಗೆ ಸಿಕ್ಕರು. ಅವರ ಮೊದಲ ಸಿಂಗಲ್, ಅಂದರೆ ಒಂದು ಹಾಡಿಗೆಂದೇ ತರುವ ಚಿಕ್ಕ ರೆಕಾರ್ಡ್, ಮಾರಾಟದ ಪಟ್ಟಿಯಾದ ಚಾರ್ಟಿನಲ್ಲಿ 21ನೇ ಸ್ಥಾನಕ್ಕೆ ಹೋಗಿ ನಿಂತಿತು. ಅದೂ ಡಿಲನ್‌ನ ಮೊದಲ ಆಲ್ಬಂನಲ್ಲಿದ್ದ ಒಂದು ಹಳೆಯ ಹಾಡನ್ನು ತಿರುಚಿ ಮಾಡಿದ್ದೇ.

ಆ ವರ್ಷದ ಮೇ ತಿಂಗಳಲ್ಲಿ ಚಕ್ ಬೆರಿ ಇಂಗ್ಲೆಂಡ್ ಪ್ರವಾಸಕ್ಕೆ ಬಂದಾಗ ಅನಿಮಲ್ಸ್‌ಗೆ ಅದೇ ವೇದಿಕೆಯಲ್ಲಿ ನುಡಿಸುವ ಅವಕಾಶ ಸಿಕ್ಕಿತು. ಈಗ ಯೋಚನೆ ಶುರುವಾಯಿತು. ರಾಕ್ ಅಂಡ್ ರೋಲ್ ಅಂದರೆ ಚಕ್ ಬೆರಿ. ಅವರ ಎದುರು ಅದನ್ನೇ ನುಡಿಸಿ ಗೆಲ್ಲುವುದು ಆಗದ ಮಾತು. ಎಲ್ಲರೂ ಕುಣಿಸುವ ಹಾಡು ನುಡಿಸುವ ಕಡೆ ಇವರು ಬೇರೆ ಏನನ್ನಾದರೂ ಕೊಡಬೇಕಿತ್ತು, ನಿಧಾನವಾಗಿ ಏರುವ, ಕತ್ತಲೆಯಲ್ಲಿ ಜನರನ್ನು ಹಿಡಿದು ನಿಲ್ಲಿಸುವ ಹಾಡು. ಅದಕ್ಕೆ ರೈಸಿಂಗ್ ಸನ್ ಆರಿಸಿಕೊಂಡರು. ನ್ಯೂಕಾಸಲ್ ಕ್ಲಬ್ಬಿನಲ್ಲಿ ಒಬ್ಬ ಜನಪದ ಗಾಯಕರಿಂದ ಮೊದಲು ಕೇಳಿದ್ದು ಅಂತ ಬರ್ಡನ್ ಹೇಳುತ್ತಾರೆ, ಡಿಲನ್ ಆಲ್ಬಂನಿಂದ ಬಂತು ಅಂತ ಸ್ಟೀಲ್ ಹೇಳುತ್ತಾರೆ. ಎರಡೂ ನಿಜ ಇರಬಹುದು. ಇಂಥ ಹಾಡು ಎರಡು ಕಡೆಯಿಂದಲೂ ಕಿವಿಗೆ ಬೀಳುತ್ತದೆ.

ಅವರು ಅದಕ್ಕೆ ಏನು ಮಾಡಿದರು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಜಗಳ ಇರುವುದೇ ಅಲ್ಲಿ.

ಡಿಲನ್ ಹಾಡಿದ್ದು ಒಂದು ಗಿಟಾರ್ ಇಟ್ಟುಕೊಂಡು, ಹೆಣ್ಣಿನ ಮಾತಾಗಿ. ಅನಿಮಲ್ಸ್ ಅದನ್ನು ಗಂಡಿನ ಮಾತು ಮಾಡಿದರು. ಕೆಟ್ಟುಹೋದವನು ಈಗ ಒಬ್ಬ ಬಡ ಹುಡುಗ, ಅಪ್ಪ ಜೂಜುಕೋರ, ಅಮ್ಮ ಬಟ್ಟೆ ಹೊಲಿಯುವವಳು. ವ್ಯಾಲೆಂಟೈನ್ ಅದೇ ಕಾರ್ಡ್‌ಗಳ ಸಾಲನ್ನು ತೆಗೆದುಕೊಂಡು ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂದೊಂದೇ ತಂತಿಯಾಗಿ ಬಿಡಿಸಿದರು. ಇದಕ್ಕೆ ಆರ್ಪೆಜಿಯೊ ಅನ್ನುತ್ತಾರೆ. ಹಾಡು ಶುರುವಾಗುವುದೇ ಆ ಗಿಟಾರಿನಿಂದ. ಬರ್ಡನ್ ಮೊದಲು ಕೆಳಗಿನ ದನಿಯಲ್ಲಿ, ಹತ್ತಿರ ಕೂತು ಕಥೆ ಹೇಳುವವರ ಹಾಗೆ ಹಾಡುತ್ತಾರೆ. ನಡುವೆ ಪ್ರೈಸ್ ಅವರ ವಾಕ್ಸ್ ಕಾಂಟಿನೆಂಟಲ್ ಆರ್ಗನ್ ಒಂಟಿಯಾಗಿ ಎದ್ದು ನಿಲ್ಲುತ್ತದೆ, ಸ್ವಲ್ಪ ಚೀರು ದನಿಯ ಆರ್ಗನ್ ಅದು, ಚರ್ಚಿನ ಆರ್ಗನ್ನಿನ ಗಾಂಭೀರ್ಯ ಅದಕ್ಕಿಲ್ಲ, ಬದಲಿಗೆ ಒಂದು ಹಟ ಇದೆ. ಅದಾದ ಮೇಲೆ ಬರ್ಡನ್ ಇಡೀ ಒಂದು ಸ್ಥಾಯಿ ಮೇಲೆ ಹಾರಿ ಕೂಗುತ್ತಾರೆ. ಆಗ ಅವರಿಗೆ 23 ವರ್ಷ. ಆ ದನಿ ಕೇಳಿದರೆ ಅಷ್ಟು ವಯಸ್ಸು ಅನ್ನಿಸುವುದಿಲ್ಲ.

ಈಗ ಹೇಳಿ, ಇದರಲ್ಲಿ 'ಅರೇಂಜ್‌ಮೆಂಟ್' ಯಾರದು? ಗಿಟಾರಿನ ಮೊದಲ ನಾಲ್ಕು ಕಾರ್ಡ್ ಕೇಳಿದ ಕೂಡಲೇ ಹಾಡು ಗೊತ್ತಾಗಿಬಿಡುತ್ತದೆ, ಹಾಗಾದರೆ ವ್ಯಾಲೆಂಟೈನ್ ಅವರದು. ನಡುವಿನ ಏರು ಆರ್ಗನ್ನಿನದು, ಹಾಗಾದರೆ ಪ್ರೈಸ್ ಅವರದು. ಮೈ ಜುಮ್ಮೆನ್ನುವುದು ಆ ಕೂಗಿಗೆ, ಬರ್ಡನ್ ಅವರದು. ಬೇಸ್ ಮತ್ತು ಡ್ರಮ್ಸ್ ಅಷ್ಟು ಸುಮ್ಮನೆ, ಅಷ್ಟು ಗಟ್ಟಿಯಾಗಿ ಕೂರದೇ ಇದ್ದಿದ್ದರೆ ಇದ್ಯಾವುದೂ ನಿಲ್ಲುತ್ತಿರಲಿಲ್ಲ. ಐದು ಜನ ಒಂದು ಕೋಣೆಯಲ್ಲಿ, ವೇದಿಕೆ ಮೇಲೆ ರಾತ್ರಿ ರಾತ್ರಿ ನುಡಿಸಿ ನುಡಿಸಿ ತಿದ್ದಿಕೊಂಡದ್ದು.

ಒಂದು ಬೆಳಗ್ಗೆ, ಒಂದು ಟೇಕ್

ಮಿಕಿ ಮೋಸ್ಟ್‌ಗೆ ಮೊದಲು ಈ ಹಾಡು ಸಿಂಗಲ್ ಆಗಬಹುದು ಅನ್ನಿಸಿರಲಿಲ್ಲ. ಆದರೆ ಪ್ರವಾಸದಲ್ಲಿ ಪ್ರತಿ ಊರಿನಲ್ಲೂ ಜನ ಅದಕ್ಕೆ ಹುಚ್ಚೆದ್ದು ಚಪ್ಪಾಳೆ ಹೊಡೆದರು. ಬ್ಯಾಂಡ್ ಹಟ ಹಿಡಿಯಿತು. 1964ರ ಮೇ 17ರಂದು ಲಿವರ್‌ಪೂಲ್‌ನಲ್ಲಿ ಕಾರ್ಯಕ್ರಮ ಮುಗಿಸಿ ಲಂಡನ್‌ಗೆ ಬಂದರು. 18ರಂದು ಕಿಂಗ್ಸ್‌ವೇಯ ಡಿ ಲೇನ್ ಲೀ ಸ್ಟುಡಿಯೋದಲ್ಲಿ ವಾದ್ಯ ಜೋಡಿಸಿ, ದನಿ ಸಮ ಮಾಡಿಕೊಂಡು, ಐದು ಜನರೂ ಒಟ್ಟಿಗೆ ನುಡಿಸಿದರು. ಮೊದಲ ಟೇಕ್ ಕೇಳಿದ ಮೋಸ್ಟ್, ಸಾಕು, ಇದೇ ಸರಿ ಅಂದುಬಿಟ್ಟರು. ಬೇರೆ ಬೇರೆಯಾಗಿ ನುಡಿಸಿ ಆಮೇಲೆ ಅಂಟಿಸಿದ್ದಲ್ಲ. ಇವತ್ತು ನಾವು ಕೇಳುವುದು ಆ ಕೆಲವೇ ನಿಮಿಷಗಳನ್ನೇ. ಮೋಸ್ಟ್ ಕೂಡ ಇದರಲ್ಲಿ ತನ್ನ ಹೆಚ್ಚುಗಾರಿಕೆ ಏನಿಲ್ಲ, ಎಲ್ಲ ಮೊದಲೇ ಸರಿಯಾದ ಜಾಗದಲ್ಲಿತ್ತು ಅನ್ನುವ ಅರ್ಥದಲ್ಲಿ ಮಾತಾಡಿದ್ದಾರೆ. ಪ್ರೊಡ್ಯೂಸರ್ ಒಬ್ಬರು ಹಾಗೆ ಹೇಳುವುದು ದೊಡ್ಡ ಮಾತು.

ಇನ್ನೊಂದು ತೊಡಕಿತ್ತು. ಹಾಡು ನಾಲ್ಕೂವರೆ ನಿಮಿಷದ ಹತ್ತಿರ. ಆಗಿನ ಸಿಂಗಲ್‌ಗಳೆಲ್ಲ ಎರಡೂವರೆ, ಮೂರು ನಿಮಿಷದವು. ರೇಡಿಯೋದವರು ಹಾಕುವುದಿಲ್ಲ ಅನ್ನುವ ಭಯ ಕಂಪನಿಗೆ. ಮೋಸ್ಟ್ ಬಿಡಲಿಲ್ಲ. ಜೂನ್‌ನಲ್ಲಿ ಕೊಲಂಬಿಯಾ ಲೇಬಲ್‌ನಲ್ಲಿ ಹಾಡು ಪೂರ್ತಿಯಾಗಿ ಹೊರಬಂತು. ಜುಲೈ 9ಕ್ಕೆ ಬ್ರಿಟನ್ನಿನಲ್ಲಿ ಒಂದನೇ ಸ್ಥಾನ. ಅಮೆರಿಕದಲ್ಲಿ ಎಂಜಿಎಂ ಕಂಪನಿ ಅದನ್ನು 2 ನಿಮಿಷ 58 ಸೆಕೆಂಡಿಗೆ ಕತ್ತರಿಸಿ ತಂದಿತು. ಸೆಪ್ಟೆಂಬರ್ 5ರಂದು ಅಲ್ಲಿಯೂ ಒಂದನೇ ಸ್ಥಾನಕ್ಕೆ ಏರಿ ಮೂರು ವಾರ ಕೂತಿತು. ಆ ವರ್ಷ ಬ್ರಿಟಿಷ್ ಬ್ಯಾಂಡ್‌ಗಳು ಅಮೆರಿಕಕ್ಕೆ ನುಗ್ಗಿದ್ದವು, ಆದರೆ ಬೀಟಲ್ಸ್ ಹಾಡಿದ್ದೋ ಬೀಟಲ್ಸ್ ಬರೆದುಕೊಟ್ಟದ್ದೋ ಅಲ್ಲದ ಒಂದು ಹಾಡು ಹೀಗೆ ಮೇಲೆ ಬಂದದ್ದು ಇದೇ ಮೊದಲು. ಕಾರಿನ ರೇಡಿಯೋದಲ್ಲಿ ಇದನ್ನು ಕೇಳಿ ಕಾರು ನಿಲ್ಲಿಸಿ ಕೆಳಗೆ ಹಾರಿದೆ ಅಂತ ಡಿಲನ್ ತಮಗೆ ಹೇಳಿದ್ದಾಗಿ ಸ್ಟೀಲ್ ಹೇಳುತ್ತಾರೆ. ಮರುವರ್ಷವೇ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಎತ್ತಿಕೊಂಡರು.

ಕೆಂಟಕಿಯ ಹುಡುಗಿಯ ಗಂಟಲಿನಲ್ಲಿದ್ದ ಹಾಡು ಇಂಗ್ಲೆಂಡ್ ಸುತ್ತಿ ಅಮೆರಿಕಕ್ಕೇ ವಾಪಸ್ ಬಂದದ್ದು ಹೀಗೆ. ಇಲ್ಲಿಯವರೆಗೆ ಎಲ್ಲ ಸಂತೋಷದ ಕಥೆ.

ಆ ಸಾಲು ಬಂದ ಬಗೆ

ದುಡ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಒಂದು ಹೆಸರಿಗೆ ಇಷ್ಟು ಗಲಾಟೆ ಯಾಕೆ ಅನ್ನಿಸುತ್ತದೆ.

ರೆಕಾರ್ಡ್ ಒಂದರಿಂದ ಎರಡು ಬೇರೆ ಬೇರೆ ಕಾಲುವೆಯಲ್ಲಿ ಹಣ ಹರಿಯುತ್ತದೆ. ಒಂದು, ನುಡಿಸಿದವರಿಗೆ ಹಾಡಿದವರಿಗೆ ಕಂಪನಿ ಕೊಡುವ ಪಾಲು. ಇದು ಬ್ಯಾಂಡಿನ ಎಲ್ಲರಿಗೂ ಹಂಚಿಕೆ ಆಗಬೇಕಾದದ್ದು. ಇನ್ನೊಂದು, ಹಾಡು ಬರೆದವರಿಗೆ ಸೇರುವುದು. ರೆಕಾರ್ಡ್ ಮಾರಾಟ ಆದಾಗ, ರೇಡಿಯೋದಲ್ಲಿ ಬಂದಾಗ, ಸಿನಿಮಾದಲ್ಲಿ ಬಳಸಿದಾಗ, ಪ್ರತಿ ಸಲವೂ ಒಂದಿಷ್ಟು. ಎರಡನೆಯದು ಚಿಕ್ಕ ಚಿಕ್ಕ ಹನಿಯಾಗಿ ಬಂದರೂ ನಿಲ್ಲುವುದಿಲ್ಲ. ಬ್ಯಾಂಡ್ ಒಡೆದರೂ ಬರುತ್ತದೆ, ಕೈ ನಡುಗುವ ವಯಸ್ಸಿನಲ್ಲೂ ಬರುತ್ತದೆ, ಸತ್ತ ಮೇಲೆ ಮಕ್ಕಳಿಗೂ ಬರುತ್ತದೆ. ಜನಪದ ಹಾಡಾದರೆ ಬರೆದವರು ಇಲ್ಲ. ಆಗ ಕಾನೂನು ಏನು ಹೇಳುತ್ತದೆ ಅಂದರೆ, ಮೂಲ ಹಾಡು ಯಾರ ಸೊತ್ತೂ ಅಲ್ಲ, ಆದರೆ ನೀನು ಅದಕ್ಕೆ ಕೊಟ್ಟ ಹೊಸ ರೂಪ ನಿನ್ನದು. ಆ ಹೊಸ ರೂಪ ಯಾರ ಹೆಸರಿನಲ್ಲಿ ದಾಖಲಾಗುತ್ತದೋ ಆ ಎರಡನೇ ಕಾಲುವೆಯ ನೀರು ಅವರ ಗದ್ದೆಗೆ.

ಹಾಗಾಗಿ ಕಂಸದೊಳಗಿನ ಆ ಸಾಲು ಬರೀ ಗೌರವದ ಮಾತಲ್ಲ. ಅದು ಪಹಣಿ.

ಲೇಬಲ್ ಮೇಲೆ ಐದು ಹೆಸರು ಹಿಡಿಸುವಷ್ಟು ಜಾಗ ಇಲ್ಲ, ಒಂದೇ ಹೆಸರು ಹಾಕಬೇಕು ಅಂತ ಹೇಳಲಾಯಿತು, ಇದು ಬ್ಯಾಂಡಿನವರು ವರ್ಷಗಟ್ಟಲೆ ಹೇಳಿಕೊಂಡು ಬಂದಿರುವ ಕಥೆ. ಯಾರ ಹೆಸರು? ಮೊದಲ ಹೆಸರುಗಳ ಅಕ್ಷರಮಾಲೆಯಲ್ಲಿ ಆಲನ್ ಮೊದಲು ಬರುತ್ತದೆ, ಹಾಗಾಗಿ ಅವರದು ಅಂತ ಬರ್ಡನ್ ಹೇಳಿದ್ದಾರೆ. ಹಣ ಬಂದಾಗ ಹಂಚಿಕೊಳ್ಳುತ್ತೇವೆ ಅಂತಲೇ ಉಳಿದವರು ಅಂದುಕೊಂಡಿದ್ದರು. ಮ್ಯಾನೇಜರ್ ಮೈಕ್ ಜೆಫ್ರಿ ಇದನ್ನು ನೋಡಿಕೊಂಡಿದ್ದರು ಅಂತಲೂ ಸದಸ್ಯರು ಹೇಳುತ್ತಾರೆ. ಇಪ್ಪತ್ತರಿಂದ ಇಪ್ಪತ್ತೈದು ವರ್ಷದೊಳಗಿನ ಹುಡುಗರು. ದಿನಾ ಒಂದೊಂದು ಊರು, ರಾತ್ರಿ ವ್ಯಾನಿನಲ್ಲಿ ನಿದ್ದೆ. ಯಾರು ಕೂತು ಕಾಗದ ಓದುತ್ತಾರೆ?

ಜಾಗ ಇರಲಿಲ್ಲ ಅನ್ನುವ ಮಾತು ಮಾತ್ರ ನನ್ನ ಗಂಟಲಿನಲ್ಲಿ ಇಳಿಯುವುದಿಲ್ಲ. ಆ ಲೇಬಲ್ಲನ್ನೇ ಇನ್ನೊಂದು ಸಲ ನೋಡಿ. ಅದೇ ವೃತ್ತದಲ್ಲಿ ಕೆಳಗೆ ದೊಡ್ಡದಾಗಿ 'ದಿ ಅನಿಮಲ್ಸ್' ಅಂತ ಅಚ್ಚಾಗಿದೆ. ಅರೇಂಜ್‌ಮೆಂಟ್ ಅನಿಮಲ್ಸ್ ಅಂತ ಹಾಕಿದ್ದರೆ ಆಗುತ್ತಿತ್ತು ಅಲ್ವಾ? 'ಪ್ರೈಸ್' ಅನ್ನುವುದಕ್ಕಿಂತ ಎರಡು ಅಕ್ಷರ ಜಾಸ್ತಿ, ಅಷ್ಟೇ.

ಅದೇ ಲಂಡನ್ನಿನಲ್ಲಿ, ಅದೇ ವರ್ಷಗಳಲ್ಲಿ, ಇನ್ನೊಂದು ಐದು ಜನರ ಬ್ಯಾಂಡ್ ಇದಕ್ಕೆ ದಾರಿ ಕಂಡುಕೊಂಡಿತ್ತು. ರೋಲಿಂಗ್ ಸ್ಟೋನ್ಸ್‌ನವರು 1963ರಿಂದಲೇ, ಎಲ್ಲರೂ ಸೇರಿ ಕಟ್ಟಿದ ಹಾಡುಗಳಿಗೆ 'ನ್ಯಾಂಕರ್ ಫೆಲ್ಜ್' ಅನ್ನುವ ಒಂದು ಕಟ್ಟುಹೆಸರು ಹಾಕುತ್ತಿದ್ದರು. ಹಾಗೊಬ್ಬ ಮನುಷ್ಯ ಇರಲೇ ಇಲ್ಲ. ಆ ಹೆಸರಿಗೆ ಬಂದ ಹಣ ಬ್ಯಾಂಡಿನ ಎಲ್ಲರಿಗೂ ಮತ್ತು ಅವರ ಮ್ಯಾನೇಜರ್‌ಗೂ ಹಂಚಿಹೋಗುತ್ತಿತ್ತು. ಲೇಬಲ್ ಮೇಲೆ ಎರಡು ಪದ, ಗದ್ದೆ ಎಲ್ಲರದು. ಅಂದಮೇಲೆ ದಾರಿ ಇರಲಿಲ್ಲ ಅನ್ನಲು ಆಗುವುದಿಲ್ಲ. ಕೇಳುವವರು ಇರಲಿಲ್ಲ.

ಪ್ರೈಸ್ ಅವರ ಕಡೆಯಿಂದಲೂ ಎರಡು ಮಾತು ಹೇಳಬೇಕು. ತಂಡ ಮೊದಲು ಅವರ ಹೆಸರಿನಲ್ಲೇ ಇತ್ತು. ಆರ್ಗನ್ ಭಾಗ ಪೂರ್ತಿ ಅವರದು, ಅದನ್ನು ತೆಗೆದರೆ ಹಾಡಿನ ಬೆನ್ನೆಲುಬೇ ಹೋಗುತ್ತದೆ. ಸಂಗೀತಗಾರರಾಗಿ ಅವರು ಗಟ್ಟಿ ಆಳು ಅನ್ನುವುದು ಆಮೇಲೆ ಅವರು ಒಂಟಿಯಾಗಿ ಮಾಡಿದ ಕೆಲಸದಲ್ಲೂ ಕಾಣುತ್ತದೆ, 1973ರಲ್ಲಿ ಒಂದು ಸಿನಿಮಾಕ್ಕೆ ಅವರು ಕೊಟ್ಟ ಸಂಗೀತವನ್ನು ಇವತ್ತಿಗೂ ಜನ ಮೆಚ್ಚಿ ಮಾತಾಡುತ್ತಾರೆ. ನನ್ನ ತಕರಾರು ಅವರ ಹೆಸರು ಇದೆ ಅನ್ನುವುದಕ್ಕಲ್ಲ. ಅವರ ಹೆಸರು ಮಾತ್ರ ಇದೆ ಅನ್ನುವುದಕ್ಕೆ.

ಮುರಿದದ್ದು

ಹಣ ಬರಲು ಶುರುವಾದಾಗ ಅದು ಒಬ್ಬರ ಖಾತೆಗೆ ಬಂತು. 1965ರಲ್ಲಿ ಪ್ರೈಸ್ ಬ್ಯಾಂಡ್ ಬಿಟ್ಟರು. ವಿಮಾನ ಪ್ರಯಾಣದ ಭಯ ಅನ್ನುವುದು ಹೊರಗೆ ಹೇಳಿದ ಕಾರಣ, ಆ ಭಯ ಅವರಿಗೆ ನಿಜವಾಗಿ ಇತ್ತು ಕೂಡ. ಆದರೆ ಉಳಿದವರ ಮನಸ್ಸಿನಲ್ಲಿ ಆ ಹೊತ್ತಿಗೆ ರಾಯಲ್ಟಿಯ ಕಹಿ ಕೂತುಬಿಟ್ಟಿತ್ತು. 1966ರ ಆರಂಭಕ್ಕೆ ಸ್ಟೀಲ್ ಹೊರಟರು, ಆ ವರ್ಷವೇ ಹಳೆಯ ಅನಿಮಲ್ಸ್ ಮುಗಿಯಿತು. ಎರಡು ದೇಶದಲ್ಲಿ ಒಂದನೇ ಸ್ಥಾನ ಕಂಡ ಹಾಡು ಹೊರಬಂದು ಎರಡೇ ವರ್ಷ.

ಚಾಸ್ ಚಾಂಡ್ಲರ್ ಅವರ ವಿಷಯ ನನಗೆ ಬಹಳ ತಟ್ಟುತ್ತದೆ. ಅವರು 1966ರಲ್ಲಿ ನ್ಯೂಯಾರ್ಕಿನ ಒಂದು ಕೆಫೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಬ್ಬ ಗಿಟಾರ್ ವಾದಕನನ್ನು ಕಂಡು ಲಂಡನ್‌ಗೆ ಕರೆತಂದರು. ಅವನು ಜಿಮಿ ಹೆಂಡ್ರಿಕ್ಸ್. ಹೆಂಡ್ರಿಕ್ಸ್‌ನ ಮೊದಮೊದಲ ರೆಕಾರ್ಡಿಂಗ್ ಖರ್ಚಿಗೆ ಚಾಂಡ್ಲರ್ ತಮ್ಮ ಬೇಸ್ ಗಿಟಾರ್‌ಗಳನ್ನು ಮಾರಿದರು. ಜಗತ್ತೆಲ್ಲ ಕೇಳಿದ ಹಾಡಿಗೆ ಬೇಸ್ ನುಡಿಸಿದ ಮನುಷ್ಯ, ಎರಡು ವರ್ಷದ ನಂತರ, ಆ ಬೇಸ್‌ಗಳನ್ನು ಮಾರಿ ಸ್ಟುಡಿಯೋ ಬಾಡಿಗೆ ಕಟ್ಟಬೇಕಾಯಿತು.

ಆಮೇಲೂ ಐದು ಜನ ಕೆಲವು ಸಲ ಒಟ್ಟಾದರು. 1968ರಲ್ಲಿ ನ್ಯೂಕಾಸಲ್‌ನಲ್ಲಿ ಒಂದು ಕಾರ್ಯಕ್ರಮ, 1970ರ ದಶಕದಲ್ಲಿ ಒಂದು ಆಲ್ಬಂ, 1983ರಲ್ಲಿ ಇನ್ನೊಂದು ಆಲ್ಬಂ ಮತ್ತು ಪ್ರವಾಸ. ಆ ವರ್ಷದ ಕೊನೇ ದಿನ ಲಂಡನ್ನಿನ ವೆಂಬ್ಲಿಯಲ್ಲಿ ಕಾರ್ಯಕ್ರಮ ಕೊಟ್ಟರು. ಪ್ರೈಸ್ ಆರ್ಗನ್ ಮುಂದೆ, ವ್ಯಾಲೆಂಟೈನ್ ಗಿಟಾರ್ ಹಿಡಿದು, ಒಂದೇ ವೇದಿಕೆ. ಒಳಗೆ ಎಷ್ಟೇ ಮನಸ್ತಾಪ ಇರಲಿ, ಆ ಹಾಡು ಶುರುವಾಗಬೇಕಾದರೆ ಮೊದಲು ವ್ಯಾಲೆಂಟೈನ್ ತಂತಿ ಮುಟ್ಟಲೇಬೇಕು. ಹಾಡು ಚಾರ್ಟಿಗೂ ಮರಳಿ ಮರಳಿ ಬಂತು. 1972ರಲ್ಲಿ ಮತ್ತೆ ಬಿಡುಗಡೆ ಆದಾಗ ಬ್ರಿಟನ್ನಿನಲ್ಲಿ 25ನೇ ಸ್ಥಾನ, 1982ರಲ್ಲಿ 11. ಹಾಡಿಗೆ ವಯಸ್ಸಾಗಲಿಲ್ಲ.

ಜಗಳಕ್ಕೂ ಆಗಲಿಲ್ಲ. 'ಅನಿಮಲ್ಸ್' ಅನ್ನುವ ಹೆಸರು ಯಾರದು ಅಂತ ಸ್ಟೀಲ್ ಮತ್ತು ಬರ್ಡನ್ ನಡುವೆ ವ್ಯಾಜ್ಯ ನಡೆಯಿತು. 2008ರಲ್ಲಿ ಬ್ರಿಟನ್ನಿನಲ್ಲಿ ಸ್ಟೀಲ್ ಪರ ತೀರ್ಪು ಬಂತು, 2013ರಲ್ಲಿ ಮೇಲ್ಮನವಿಯಲ್ಲಿ ಬರ್ಡನ್ ಗೆದ್ದರು. ಅಣ್ಣತಮ್ಮಂದಿರ ಪಾಲುಪಟ್ಟಿಯ ಜಗಳದ ಹಾಗೆ. ಮೊದಲ ಗೆರೆ ಸರಿಯಾಗಿ ಎಳೆಯದೇ ಹೋದರೆ ಮುಂದೆ ಪ್ರತಿ ಬದುವಿಗೂ ತಕರಾರು.

ಇದಕ್ಕೆ ಜೋಡಿಸಿ ನೋಡಬೇಕಾದ ಇನ್ನೊಂದು ಹಾಡಿದೆ, 1967ರ 'ಎ ವೈಟರ್ ಷೇಡ್ ಆಫ್ ಪೇಲ್'. ಅಲ್ಲಿ ನಡೆದದ್ದು ಉಲ್ಟಾ. ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಷರ್ ಹೆಸರು ಬರೆದವರ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಆ ಹಾಡು ಅಂದರೆ ಜನರಿಗೆ ಮೊದಲು ನೆನಪಾಗುವುದೇ ಆರ್ಗನ್. ಅವರು 2005ರಲ್ಲಿ ಕೋರ್ಟಿಗೆ ಹೋದರು. 2006ರಲ್ಲಿ ನ್ಯಾಯಾಧೀಶರು ಅವರೂ ಹಾಡಿನ ಕರ್ತೃ ಅಂತ ಒಪ್ಪಿ ನೂರಕ್ಕೆ 40 ಪಾಲು ಕೊಟ್ಟರು. ಮೇಲ್ಮನವಿಯಲ್ಲಿ ಇಷ್ಟು ತಡ ಮಾಡಿದವರಿಗೆ ಹಣ ಇಲ್ಲ ಅಂತಾಯಿತು. 2009ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿ, ತಡವಾಗಿ ಬಂದ ಮಾತ್ರಕ್ಕೆ ಪಾಲು ತಪ್ಪುವುದಿಲ್ಲ ಅಂತ ಹೇಳಿತು. ಹಾಡಿನ ಮೇಲೆ ನುಡಿಸಿದ ಒಂದು ವಾದ್ಯದ ಎಳೆಯೂ 'ಬರೆದದ್ದು' ಅನ್ನಿಸಿಕೊಳ್ಳಬಹುದು ಅಂತ ಒಂದು ದೇಶದ ಅತಿ ದೊಡ್ಡ ನ್ಯಾಯಪೀಠ ಒಪ್ಪಿದ್ದು ಸಣ್ಣ ವಿಷಯ ಅಲ್ಲ. ವ್ಯಾಲೆಂಟೈನ್ ಅವರ ಬೆರಳಾಟವನ್ನು ಈ ಬೆಳಕಿನಲ್ಲಿ ಇಟ್ಟು ನೋಡಿ.

ಮತ್ತೆ ಜಾರ್ಜಿಯಾ

ಇಲ್ಲಿಗೆ ಐದು ಜನರ ಲೆಕ್ಕ ಆಯಿತು. ಆದರೆ ನನ್ನ ಮನಸ್ಸು ಅಲ್ಲಿ ನಿಲ್ಲುವುದಿಲ್ಲ. ಐದು ಹೆಸರು ಹಾಕಿದ್ದರೂ ಮೊದಲ ಪದ 'ಸಾಂಪ್ರದಾಯಿಕ' ಅಂತಲೇ ಇರುತ್ತಿತ್ತು. ಆ ಪದದೊಳಗೆ ಯಾರಿದ್ದಾರೆ? ವ್ಯಾನ್ ರಾಂಕ್ ಇದ್ದಾರೆ, ಅವರ ಕಾರ್ಡ್‌ಗಳೇ ಡಿಲನ್ ಮೂಲಕ ನ್ಯೂಕಾಸಲ್‌ಗೆ ಬಂದದ್ದು. ಅವರ ಹಿಂದೆ ಜಾರ್ಜಿಯಾ ಟರ್ನರ್ ಇದ್ದಾಳೆ. ಅವಳು ಮದುವೆಯಾಗಿ, ಮಕ್ಕಳಾಗಿ, ಮಿಷಿಗನ್ ರಾಜ್ಯಕ್ಕೆ ಹೋಗಿ, ಬಡತನದಲ್ಲೇ ಬದುಕಿ 1969ರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಳು. ಐವತ್ತೂ ತುಂಬಿರಲಿಲ್ಲ. ಅವಳಿಗೆ ಈ ಹಾಡಿನಿಂದ ಕೊನೆಗಾಲದಲ್ಲಿ ಸಿಕ್ಕದ್ದು ಪುಡಿಗಾಸು.

ಅವಳೇ ಹಾಡು ಕಟ್ಟಿದಳು ಅಂತ ನಾನು ಹೇಳುತ್ತಿಲ್ಲ. ಅವಳೂ ಯಾರಿಂದಲೋ ಕೇಳಿ ಕಲಿತವಳು. ಆದರೆ ನಮ್ಮ ಕಡೆ ಬೀಸೋ ಪದ ಹೇಳುತ್ತಿದ್ದ ಹೆಂಗಸರ ವಿಷಯವೂ ಹೀಗೇ ಅಲ್ವಾ? ನಮ್ಮಜ್ಜಿಗೆ ಕ್ಯಾಸೆಟ್‌ನಲ್ಲಿ ಒಂದು ಜಾನಪದ ಗೀತೆ ಹಾಕಿ ಕೇಳಿಸಿದ್ದೆ. ಕೀಬೋರ್ಡ್, ತಬಲಾ ಎಲ್ಲ ಸೇರಿಸಿ ಚೆನ್ನಾಗಿಯೇ ಮಾಡಿದ್ದರು. ಅಜ್ಜಿ ಎರಡು ಸಾಲು ಕೇಳಿ, 'ಇದು ನಮ್ಮ ಸೋದರತ್ತೆ ರಾಗಿ ಬೀಸುವಾಗ ಹೇಳ್ತಿದ್ದ ಪದ ಕಣಪ್ಪಾ, ಈ ಕೊನೆ ನುಡಿ ಅವಳೇ ಸೇರಿಸಿದ್ದು' ಅಂದಿತು. ಕ್ಯಾಸೆಟ್ಟಿನ ಹೊದಿಕೆ ತೆಗೆದು ನೋಡಿದೆ. ಸಾಹಿತ್ಯ: ಜಾನಪದ. ಅದರ ಕೆಳಗೆ ಸಂಗೀತ ಕೊಟ್ಟವರ ಹೆಸರು, ಹಾಡಿದವರ ಹೆಸರು, ನಿರ್ಮಾಪಕರ ಹೆಸರು. ಅಜ್ಜಿಯ ಸೋದರತ್ತೆ ಸೇರಿಸಿದ ನುಡಿ ಕ್ಯಾಸೆಟ್‌ನವರಿಗೆ ಯಾರ ಬಾಯಿಂದ ಸಿಕ್ಕಿತೋ, ಆ ಬಾಯಿಗೂ ಹೆಸರಿಲ್ಲ. ಅಜ್ಜಿಗೆ ಬೇಸರ ಏನೂ ಆಗಲಿಲ್ಲ. ನನಗಾಯಿತು.

ಜಾನಪದ, ಸಾಂಪ್ರದಾಯಿಕ ಅನ್ನುವ ಪದಗಳನ್ನು ನಾವು ಯಾರೂ ಇಲ್ಲ ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ಅದರ ಅರ್ಥ ತುಂಬಾ ಜನ ಇದ್ದಾರೆ ಅಂತ. ಎಲ್ಲರನ್ನೂ ಹುಡುಕಿ ಬರೆಯಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಗೊತ್ತಿರುವವರನ್ನು ಬರೆಯಬಹುದು. 22 ವರ್ಷದ ಲೋಮ್ಯಾಕ್ಸ್‌ಗೆ ಕೆಂಟಕಿಯ ಗಣಿ ಊರಿನ ಹುಡುಗಿಯ ಹೆಸರು ಬರೆದಿಟ್ಟುಕೊಳ್ಳಬೇಕು ಅನ್ನಿಸಿತು. ಲಂಡನ್ನಿನ ದೊಡ್ಡ ಕಂಪನಿಯ ಕಚೇರಿಯಲ್ಲಿ, ಎದುರಿಗೇ ಇದ್ದ ಐದು ಜನರ ಹೆಸರು ಬರೆಯಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಹಿಲ್ಟನ್ ವ್ಯಾಲೆಂಟೈನ್ 2021ರ ಜನವರಿ 29ರಂದು ತೀರಿಕೊಂಡರು, 77 ವರ್ಷ. ಆ ವಾರ ನಾನು ಭಾನುವಾರದ ಗಿಟಾರ್ ಪಾಠಕ್ಕೆ ಬರುವ ಮಕ್ಕಳಿಗೆ ಕೊಡುವ ಕಾರ್ಡ್ ಹಾಳೆಯನ್ನು ಮತ್ತೆ ಬರೆದೆ. ಹಳೆಯ ಹಾಳೆಯಲ್ಲಿ ಹಾಡಿನ ಹೆಸರು, ಅದರ ಮುಂದೆ ಅನಿಮಲ್ಸ್ ಅಂತ ಮಾತ್ರ ಇತ್ತು. ಹೊಸದರಲ್ಲಿ ಮೇಲೆ ಏಳು ಹೆಸರಿವೆ: ಟರ್ನರ್, ವ್ಯಾನ್ ರಾಂಕ್, ಬರ್ಡನ್, ವ್ಯಾಲೆಂಟೈನ್, ಪ್ರೈಸ್, ಚಾಂಡ್ಲರ್, ಸ್ಟೀಲ್. ಒಂದೂವರೆ ಸಾಲು ಹಿಡಿಯಿತು. ಕೆಳಗೆ ಎ ಮೈನರ್, ಸಿ, ಡಿ, ಎಫ್‌ಗೆ ಬೇಕಾದಷ್ಟು ಜಾಗ ಉಳಿದಿತ್ತು.